‘ಸ್ಕೇಲ್ ಮಾಡೆಲ್’: ಮಾದರಿಯೇ, ಪ್ರತಿಕೃತಿಯೇ, ಕಿರುಪಡಿಯೇ?

ಮಾನ್ಯರೇ,

ಅಮೆರಿಕದ ಹಳೆಯ ಕಾರುಗಳ ಪುಟ್ಟ ರೂಪಗಳನ್ನು ಸಂಗ್ರಹಿಸಿ, ಅವುಗಳ ಛಾಯಾಚಿತ್ರ ತೆಗೆಯುವ ಹವ್ಯಾಸದ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಮೊದಲ ವಾಕ್ಯದಲ್ಲೇ ತೊಡಕು ಎದುರಾಯಿತು. ಹವ್ಯಾಸಿಗಳು ‘ಸ್ಕೇಲ್ ಮಾಡೆಲ್’ ಎನ್ನುವ ವಸ್ತುವಿಗೆ, ಎಂದರೆ ಮೂಲ ಕಾರಿನ ಎಲ್ಲ ಅಳತೆಗಳನ್ನೂ ಒಂದೇ ಅನುಪಾತದಲ್ಲಿ ಕುಗ್ಗಿಸಿ ತಯಾರಿಸಿದ ರೂಪಕ್ಕೆ, ಕನ್ನಡದಲ್ಲಿ ಏನೆನ್ನುವುದು ಸರಿ?

ಥಟ್ಟನೆ ಹೊಳೆಯುವುದು ‘ಮಾದರಿ’. ಆದರೆ ‘1957ರ ಮಾದರಿಯ ಷೆವ್ರೊಲೆ ಬೆಲ್ ಏರ್’ ಎಂದರೆ ರಸ್ತೆಯಲ್ಲಿ ಓಡುವ ಕಾರು. ‘1957ರ ಬೆಲ್ ಏರ್‌ನ ಮಾದರಿ’ ಎಂದರೆ ಮೇಜಿನ ಮೇಲಿಡುವ ವಸ್ತು. ಷಷ್ಠೀ ವಿಭಕ್ತಿ ಒಂದು ಪದದಿಂದ ಇನ್ನೊಂದಕ್ಕೆ ಜಿಗಿದ ಮಾತ್ರಕ್ಕೆ ಐದು ಮೀಟರ್ ಉದ್ದದ ವಾಹನ ಒಂದು ಗೇಣಿಗೆ ಇಳಿದುಬಿಡುತ್ತದೆ. ‘ಮಾದರಿ ಸಂಗ್ರಹ’ ಎಂದು ಬರೆದರಂತೂ ಗಂಟಲು ದ್ರವವೋ ಕೆರೆಯ ನೀರೋ ಪ್ರಯೋಗಾಲಯಕ್ಕೆ ಹೊರಟಿತೆಂದು ಓದುಗರು ಭಾವಿಸುತ್ತಾರೆ. ತಮಾಷೆಯೆಂದರೆ, 1950ರ ದಶಕದಲ್ಲಿ ಎಎಂಟಿಯಂಥ ಕಂಪನಿಗಳು ಅಮೆರಿಕದ ಕಾರು ಮಾರಾಟಗಾರರಿಗಾಗಿ ತಯಾರಿಸಿಕೊಡುತ್ತಿದ್ದ 1:25ರ, ಎಂದರೆ ಮೂಲದ ಇಪ್ಪತ್ತೈದನೇ ಒಂದು ಭಾಗದಷ್ಟು ಉದ್ದದ, ಪ್ಲಾಸ್ಟಿಕ್ ಕಾರುಗಳಿಗೆ ಈ ಅರ್ಥವೂ ಹೊಂದುತ್ತದೆ. ಹೊಸ ವರ್ಷದ ಕಾರು ಹೇಗಿದೆ, ಬಣ್ಣ ಯಾವುದು ಎಂದು ಗಿರಾಕಿಗೆ ತೋರಿಸಲು ಬಳಸುತ್ತಿದ್ದ ಅವು ನಿಜಕ್ಕೂ ಮಾದರಿಗಳೇ. ಅದೇ ಕಾರಣಕ್ಕೆ ‘ಆಟಿಕೆ’ ಎಂಬ ಪದವನ್ನು ಕೈಬಿಟ್ಟಿದ್ದೇನೆ.

‘ಪ್ರತಿಕೃತಿ’ ಗಂಭೀರವಾದ ಪದ. ಆದರೆ ನಮ್ಮ ಪತ್ರಿಕೆಗಳು ಅದರ ಬೆನ್ನಿಗೆ ‘ದಹನ’ವನ್ನು ಎಷ್ಟು ಬಿಗಿಯಾಗಿ ಕಟ್ಟಿಬಿಟ್ಟಿವೆಯೆಂದರೆ, ಪ್ರತಿಕೃತಿ ಎಂದೊಡನೆ ಸೀಮೆಎಣ್ಣೆಯ ವಾಸನೆ ಬರುತ್ತದೆ. ಅದಕ್ಕಿಂತ ದೊಡ್ಡ ಆಕ್ಷೇಪವೆಂದರೆ ಅದರಲ್ಲಿ ಗಾತ್ರದ ಸುಳಿವೇ ಇಲ್ಲ. ಶೆಲ್ಬಿ ಕೋಬ್ರಾ ಕಾರನ್ನು ಹೋಲುವಂತೆ, ಪೂರ್ಣ ಗಾತ್ರದಲ್ಲಿ, ಓಡಿಸಲೆಂದೇ ಕಟ್ಟಿದ ಕಾರುಗಳಿಗೂ ಅಮೆರಿಕದಲ್ಲಿ ‘ರೆಪ್ಲಿಕಾ’ ಎನ್ನುತ್ತಾರೆ. ‘ಪ್ರತಿಕೃತಿ’ಯನ್ನು ಅವುಗಳಿಗೆ ಮೀಸಲಿಡುವುದು ಮೇಲು ಎಂದು ನನಗನ್ನಿಸುತ್ತದೆ. ಲೋಹದ ಪುಟ್ಟ ಕಾರುಗಳನ್ನು ಹವ್ಯಾಸಿಗಳು ಕರೆಯುವ ‘ಡೈಕಾಸ್ಟ್’ ಎಂಬುದಕ್ಕೆ ‘ಅಚ್ಚೆರಕ’ ಚೆನ್ನಾಗಿ ಒಪ್ಪುತ್ತದೆ. ಆದರೆ ಅದು ಸತುವಿನ ಮಿಶ್ರಲೋಹವನ್ನು ಕರಗಿಸಿ ಉಕ್ಕಿನ ಅಚ್ಚಿಗೆ ಒತ್ತಡದಿಂದ ತುಂಬುವ ವಿಧಾನದ ಹೆಸರು. ರೆಸಿನ್ ಎಂಬ ಕೃತಕ ರಾಳದಲ್ಲಿ ಮಾಡಿದವಕ್ಕೆ ಅದು ಸಲ್ಲದು.

ಸ್ಕೇಲ್‌ಗೆ ‘ಪ್ರಮಾಣ’ ಎನ್ನೋಣವೆಂದರೆ, ‘ದೊಡ್ಡ ಪ್ರಮಾಣದ ಕಾರುಗಳು’ ಎಂಬುದನ್ನು ಜನ ರಾಶಿಗಟ್ಟಲೆ ಕಾರುಗಳು ಎಂದು ಓದುತ್ತಾರೆ. ಜೊತೆಗೆ, ಇಲ್ಲಿ ಅಂಕಿ ಹೆಚ್ಚಿದಷ್ಟೂ ವಸ್ತು ಕಿರಿದಾಗುತ್ತದೆ: ಸುಮಾರು 5.7 ಮೀಟರ್ ಉದ್ದದ 1959ರ ಕ್ಯಾಡಿಲಾಕ್ ಎಲ್ಡೊರಾಡೊ 1:18ರಲ್ಲಿ 32 ಸೆಂಟಿಮೀಟರಿನಷ್ಟಿದ್ದರೆ, 1:43ರಲ್ಲಿ 13 ಸೆಂಟಿಮೀಟರಿನಷ್ಟಿರುತ್ತದೆ. ಹಾಗಾಗಿ ‘1:18ರ ಅಳತೆ’ ಎಂದಷ್ಟೇ ಬರೆಯುತ್ತಿದ್ದೇನೆ.

ನನಗೆ ತೋಚಿದ್ದು ‘ಕಿರುಪಡಿ’. ಪಡಿಯಚ್ಚು, ಪಡಿನೆಳಲು ಎಂಬಲ್ಲಿ ‘ಪಡಿ’ಗೆ ಹೋಲಿಕೆಯ ಅರ್ಥವಿದೆ, ಧಾನ್ಯ ಅಳೆಯುವ ಪಡಿಯಲ್ಲಿ ಅಳತೆಯ ಅರ್ಥವಿದೆ. ಈ ವಸ್ತುವಿಗೆ ಎರಡೂ ಬೇಕು. ಪಡಿತರದ ನೆನಪಾಗುತ್ತದೆಂಬುದೊಂದೇ ಅಳುಕು.

ಪದವನ್ನು ಒರೆಗೆ ಹಚ್ಚಲು ಒಂದು ವಾಕ್ಯ ಕೊಡುತ್ತೇನೆ. ಮೈಕೆಲ್ ಪಾಲ್ ಸ್ಮಿತ್ ಎಂಬ ಅಮೆರಿಕದ ಛಾಯಾಗ್ರಾಹಕರು 1:24ರ ಕಾರುಗಳನ್ನು ಬಯಲಿನಲ್ಲಿ ಮೇಜಿನ ಮೇಲೆ ಜೋಡಿಸಿ, ದೂರದ ನಿಜವಾದ ಮನೆಮರಗಳು ಅವುಗಳ ಗಾತ್ರಕ್ಕೆ ಸರಿಹೊಂದಿ ಕಾಣುವ ಕೋನವನ್ನು ಹುಡುಕಿ, ಸಾಧಾರಣ ಡಿಜಿಟಲ್ ಕ್ಯಾಮೆರಾದಿಂದ ಎಲ್ಜಿನ್ ಪಾರ್ಕ್ ಎಂಬ ಕಲ್ಪಿತ ಊರನ್ನೇ ಸೃಷ್ಟಿಸಿದ್ದರು. ಅವರ ಅಂಥದೊಂದು ಚಿತ್ರದ ಅಡಿಬರಹವಾಗಿ ‘ಮರದ ಕೆಳಗೆ ನಿಂತಿರುವುದು ಕಾರಲ್ಲ, ಕಿರುಪಡಿ’ ಎಂದು ಬರೆದರೆ, ವಿವರಣೆಯಿಲ್ಲದೆ ನಿಮಗೆ ಅರ್ಥವಾಗುತ್ತದೆಯೇ? ನಿಮ್ಮ ಊರಿನ ಬಡಗಿಗಳಲ್ಲೋ ತೇರು ಕಟ್ಟುವವರಲ್ಲೋ ಕುಗ್ಗಿಸಿದ ಅಳತೆಯ ರೂಪಕ್ಕೆ ಬೇರೆ ಮಾತು ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ.