ವೆಬ್ ಯುಐ ಮುಚ್ಚಿದರೆ ಸಾಕೇ? ಐಒಎಸ್ ಎಕ್ಸ್‌ಇ ದೋಷ ಎದುರಿಸಿದವರು ಅನುಭವ ತಿಳಿಸಿ

ಪ್ರಶ್ನೆ: ನಾನು ಈಚೆಗೆ ವಹಿಸಿಕೊಂಡ ಕಚೇರಿಯ ಎರಡು ಸಿಸ್ಕೊ ರೌಟರ್‌ಗಳಲ್ಲಿ ಅವುಗಳನ್ನು ನಡೆಸುವ ಐಒಎಸ್ ಎಕ್ಸ್‌ಇ ತಂತ್ರಾಂಶದ 17.6ರ ಹಳೆಯ ಆವೃತ್ತಿಯೇ ಇದ್ದು, ವೆಬ್ ಯುಐ (ಬ್ರೌಸರ್‌ನಿಂದ ರೌಟರ್ ನಿರ್ವಹಿಸುವ ಪುಟ) ಹೊರಗಿನ ಅಂತರ್ಜಾಲಕ್ಕೆ ತೆರೆದುಕೊಂಡಿದೆ. ಆ ಪುಟದ ಮೂಲಕ ಹೊರಗಿನವರು ಪಾಸ್‌ವರ್ಡ್ ಇಲ್ಲದೆಯೇ ಖಾತೆ ಸೃಷ್ಟಿಸಬಹುದಾದ ದೋಷ, ಸಿವಿಇ-2023-20198, ಬಂದಾಗ ತಾವೆಲ್ಲ ಏನು ಮಾಡಿದಿರಿ?

ಮೈಸೂರಿನಿಂದ: 2023ರ ಅಕ್ಟೋಬರ್ 16ರಂದು ಸಿಸ್ಕೊದ ಪ್ರಕಟಣೆ ಹೊರಬಿದ್ದಾಗ ಪ್ಯಾಚ್ (ದೋಷ ಸರಿಪಡಿಸುವ ಆವೃತ್ತಿ) ಇರಲಿಲ್ಲ, ತೀವ್ರತೆಯ ಅಂಕ ಮಾತ್ರ ಹತ್ತಕ್ಕೆ ಹತ್ತು. ಸುದ್ದಿ ತಿಳಿದ ರಾತ್ರಿಯೇ ಹನ್ನೊಂದು ಸಾಧನಗಳಲ್ಲಿ ‘ನೋ ಐಪಿ ಎಚ್‌ಟಿಟಿಪಿ ಸರ್ವರ್’, ‘ನೋ ಐಪಿ ಎಚ್‌ಟಿಟಿಪಿ ಸೆಕ್ಯೂರ್-ಸರ್ವರ್’ ಎಂಬ, ವೆಬ್ ಸರ್ವರ್ ನಿಲ್ಲಿಸುವ ಆದೇಶಗಳೆರಡನ್ನೂ ಕೊಟ್ಟು ಮಲಗಿದೆ. ಬೆಳಗ್ಗೆ ಒಂದು ವಸತಿಗೃಹದಲ್ಲಿ ಅತಿಥಿ ವೈಫೈಯ ಲಾಗಿನ್ ಪುಟವೇ ತೆರೆಯಲಿಲ್ಲ, ಏಕೆಂದರೆ ವೈರ್‌ಲೆಸ್ ಕಂಟ್ರೋಲರ್ ಆ ಪುಟವನ್ನು ಕೊಡುತ್ತಿದ್ದುದೂ ಅದೇ ಸರ್ವರಿನಿಂದ. ದಸರೆಯ ವಾರ, ಕೋಣೆಗಳೆಲ್ಲ ಭರ್ತಿ. ಮಾಲೀಕರು ಬಿಲ್ಲಿನಲ್ಲಿ ಹಿಡಿದುಕೊಂಡ 4,500 ರೂಪಾಯಿ ಇಂದಿಗೂ ಬಂದಿಲ್ಲ. ಆದರೂ ಮುಚ್ಚಿದ್ದೇ ಸರಿ ಎನ್ನುತ್ತೇನೆ.

ಹುಬ್ಬಳ್ಳಿಯಿಂದ: ಹಾಗೆ ಗಿರಾಕಿಗಳ ಬಾಯಿಗೆ ಬೀಳುವ ಬದಲು ನಾವು ಒಂಬತ್ತು ಶಾಖೆಗಳ ರೌಟರ್‌ಗಳನ್ನು ಒಂದೇ ರಾತ್ರಿ ರೀಬೂಟ್ ಮಾಡಿದೆವು. ಒಳಹೊಕ್ಕ ಇಂಪ್ಲಾಂಟ್ (ದಾಳಿಕೋರರು ಸೇರಿಸಿದ ಕೋಡ್) ರೀಬೂಟ್ ಆದರೆ ಉಳಿಯುವುದಿಲ್ಲವೆಂದು ಸಿಸ್ಕೊದವರೇ ಬರೆದಿದ್ದರು. ಇಂಪ್ಲಾಂಟ್ ಇದೆಯೇ ಎಂದು ಕರ್ಲ್ ಎಂಬ ಆದೇಶದಿಂದ ಕೇಳಿ ನೋಡುವ ಪರೀಕ್ಷೆಗೂ ಏನೂ ಉತ್ತರ ಬರಲಿಲ್ಲ. ಪ್ಯಾಚ್‌ಗೆ ಸಪೋರ್ಟ್ ಕರಾರು ಇರಲೇಬೇಕೆಂದು ನಮ್ಮ ಗುತ್ತಿಗೆದಾರರು ಹೇಳಿದ್ದರಿಂದ 38,000 ರೂಪಾಯಿ ತೆತ್ತೆವು, ಜಿಎಸ್‌ಟಿ ಬೇರೆ.

ಮಂಗಳೂರಿನಿಂದ: ಹುಬ್ಬಳ್ಳಿಯವರು ದಯವಿಟ್ಟು ಇದನ್ನು ಸಲಹೆಯೆಂದು ಕೊಡಬಾರದು. ಇಂಪ್ಲಾಂಟ್ ಹೋಗುತ್ತದೆ, ನಿಜ; ದಾಳಿಕೋರರು ಸೃಷ್ಟಿಸಿದ ಪ್ರಿವಿಲೆಜ್ 15ರ (ಪೂರ್ಣಾಧಿಕಾರದ) ಖಾತೆ ಎಲ್ಲಿಗೂ ಹೋಗುವುದಿಲ್ಲ, ಮೇಲಾಗಿ ಬಫರ್‌ನಲ್ಲಿದ್ದ ಲಾಗ್ ಅಳಿಸಿ ಸಾಕ್ಷಿಯೂ ಹೋಗುತ್ತದೆ. ನಮ್ಮ ರೌಟರಿನಲ್ಲಿ ‘ಸಿಸ್ಕೊ_ಟ್ಯಾಕ್_ಅಡ್ಮಿನ್’ ಎಂಬ ಖಾತೆ ಇತ್ತು; ಟ್ಯಾಕ್ ಎಂದರೆ ಸಿಸ್ಕೊದ ತಾಂತ್ರಿಕ ಸಹಾಯ ಕೇಂದ್ರ. ಅದು ಕಂಪನಿಯವರದೇ ಇರಬೇಕೆಂದು ನಮ್ಮ ಹುಡುಗ ಎರಡು ದಿನ ಮುಟ್ಟದೆ ಬಿಟ್ಟಿದ್ದ. ಪ್ರಕಟಣೆಯಲ್ಲಿ ಅದೇ ಹೆಸರನ್ನು ಓದಿದಾಗ ನನ್ನ ಕೈ ನಡುಗಿತು. ಕರ್ಲ್‌ಗೆ ಉತ್ತರ ಬರಲಿಲ್ಲವೆಂಬ ಸಮಾಧಾನವೂ ಹುಸಿ, ಏಕೆಂದರೆ ಆ ವಾರಾಂತ್ಯದ ಹೊತ್ತಿಗೆ ಇಂಪ್ಲಾಂಟನ್ನೇ ಮಾರ್ಪಡಿಸಿ, ಸರಿಯಾದ ಆಥರೈಸೇಷನ್ ಹೆಡರ್ (ಕೋರಿಕೆಯ ಜತೆ ಕಳಿಸುವ ಗುರುತಿನ ಸಾಲು) ಇಲ್ಲದೆ ಅದು ಬಾಯಿ ಬಿಡದಂತೆ ಮಾಡಿದ್ದರು. ಅಕ್ಟೋಬರ್ 22ಕ್ಕೆ ದೋಷ ಸರಿಪಡಿಸಿದ 17.9.4ಎ ಆವೃತ್ತಿ ಬಂತು, ಮರುದಿನ ಆಯುಧಪೂಜೆ. ರೌಟರಿನ ಫ್ಲ್ಯಾಶ್ ಮೆಮೊರಿಯಲ್ಲಿ ಜಾಗ ಸಾಲದೆ ಹಳೆಯ ತಂತ್ರಾಂಶದ ಇಮೇಜ್ ಅಳಿಸುತ್ತ ಕುಳಿತಿದ್ದಾಗ ಯಾರೋ ಬಂದು ರ್‍ಯಾಕಿಗೆ ಕುಂಕುಮ ಹಚ್ಚಿ, ಫ್ಯಾನ್ ಜಾಲರಿಯ ಮೇಲೆಯೇ ಚೆಂಡುಹೂವಿನ ಹಾರ ಹಾಕಿದರು.

ಹುಬ್ಬಳ್ಳಿಯಿಂದ: ಖಾತೆಗಳನ್ನು ನೋಡಲಿಲ್ಲವೆಂದು ನಾನೆಲ್ಲಿ ಹೇಳಿದೆ? ಎರಡು ದಿನ ಕಳ್ಳನ ಖಾತೆಯನ್ನು ಮನೆಯಲ್ಲಿಟ್ಟುಕೊಂಡಿದ್ದವರು ಇನ್ನೊಬ್ಬರಿಗೆ ಪಾಠ ಹೇಳುವುದು ವಿಚಿತ್ರ.

ಮೈಸೂರಿನಿಂದ: ಜಗಳ ಹಾಗಿರಲಿ, ಆ 38,000 ಯಾಕೆ ಕೊಟ್ಟಿರಿ? ಕರಾರು ಇಲ್ಲದವರೂ ಸೀರಿಯಲ್ ನಂಬರ್ ಮತ್ತು ಪ್ರಕಟಣೆಯ ಕೊಂಡಿ ತೋರಿಸಿ ಟ್ಯಾಕ್‌ಗೆ ಕೇಳಿದರೆ ಪ್ಯಾಚ್ ಉಚಿತವಾಗಿ ಸಿಗುತ್ತದೆಂದು ಪ್ರಕಟಣೆಯಲ್ಲೇ ಇತ್ತು. 17.6ರಲ್ಲೇ ಇರುವವರಿಗೆ 17.6.6ಎ ಇದೆ.

ಹುಬ್ಬಳ್ಳಿಯಿಂದ: ಆ ಪ್ರಕಟಣೆಯನ್ನು ಪೂರ್ತಿ ಓದುವ ಕೆಲಸವನ್ನೂ ಸೇರಿಸಿಯೇ ಗುತ್ತಿಗೆ ಕೊಟ್ಟಿದ್ದೆವು, ಸ್ವಾಮಿ.