ಮೊಡವೆ ಇನ್ನೂ ಬರ್ತಾ ಇದೆ, ಕೆನ್ನೆಯ ಗುಳಿಗೆ ಈಗಲೇ ಲೇಸರ್ ಮಾಡಿಸಲಾ?

ಪ್ರಶ್ನೆ (ಬೆಂಗಳೂರಿನ ವಿಜಯನಗರದಿಂದ, 27 ವರ್ಷ):
ಡಾಕ್ಟರ್ ಮೇಡಂ, ನಮಸ್ತೆ. ಪಿಯುಸಿಯಿಂದ ಮೊಡವೆ ಕಾಟ. ಈಗ ಕಡಿಮೆಯಾಗಿದೆ, ಆದರೆ ಪೂರ್ತಿ ನಿಂತಿಲ್ಲ. ಪೀರಿಯಡ್ಸ್‌ಗೆ ಒಂದು ವಾರ ಮುಂಚೆ ಗದ್ದ, ದವಡೆ ಹತ್ತಿರ ನಾಲ್ಕೈದು ದಪ್ಪನೆಯವು ಏಳುತ್ತವೆ. ಎರಡೂ ಕೆನ್ನೆಯಲ್ಲಿ ಗುಳಿ ಬಿದ್ದಿದೆ, ಜೊತೆಗೆ ಕಂದು ಕಲೆಗಳು. ಹೋದ ವಾರ ಮನೆ ಹತ್ತಿರದ ಒಂದು ಕ್ಲಿನಿಕ್‌ಗೆ ಹೋಗಿದ್ದೆ. ಡಾಕ್ಟರ್ ನೋಡುವ ಮೊದಲೇ ಕೌನ್ಸೆಲರ್ ಒಬ್ಬರು ಕೂರಿಸಿಕೊಂಡು, ಸಿಒಟು ಲೇಸರ್ ಆರು ಸಿಟ್ಟಿಂಗ್ ಪ್ಯಾಕೇಜ್ ತಗೊಳ್ಳಿ, ಇವತ್ತೇ ದುಡ್ಡು ಕಟ್ಟಿದರೆ ಡಿಸ್ಕೌಂಟ್, ಬೇಕಾದರೆ ಇಎಂಐ ಅಂದರು. ಗೆಳತಿ ಮುಖಕ್ಕೆ ಸಣ್ಣ ಸೂಜಿಗಳಿಂದ ಚುಚ್ಚುವ ಮೈಕ್ರೋನೀಡ್ಲಿಂಗ್ ಮಾಡಿಸು ಅಂತಾಳೆ. ಅಮ್ಮ ಇದ್ಯಾವುದೂ ಬೇಡ, ಕಡಲೆಹಿಟ್ಟು ಹಚ್ಚು ಅಂತಾರೆ. ಯಾವುದು ಒಳ್ಳೆಯದು?

ಉತ್ತರ (ಚರ್ಮದ ಡಾಕ್ಟರ್):
"ಪೂರ್ತಿ ನಿಂತಿಲ್ಲ" ಅಂತ ಬರೆದಿದ್ದೀರಲ್ಲ, ನಾನು ಅಲ್ಲೇ ನಿಂತುಬಿಟ್ಟೆ.

ತಿಂಗಳಿಗೆ ನಾಲ್ಕೈದು ದಪ್ಪ ಮೊಡವೆ ಅಂದರೆ ವರ್ಷಕ್ಕೆ ಹತ್ತಿರ ಹತ್ತಿರ ಐವತ್ತು. ಅದರಲ್ಲಿ ಕೆಲವಾದರೂ ಹೊಸ ಗುಳಿ ಬಿಟ್ಟು ಹೋಗುತ್ತವೆ. ನಮ್ಮ ರಸ್ತೆಗೆ ಡಾಂಬರು ಹಾಕಿದ ಹದಿನೈದು ದಿನಕ್ಕೆ ಪೈಪ್ ಅಂತ ಅಗೆಯುತ್ತಾರಲ್ಲ, ಅದೇ ಕಥೆ ಆಗುತ್ತದೆ. ಮೊದಲು ಮೊಡವೆ ಹತೋಟಿಗೆ ಬರಬೇಕು. ಎರಡು ಮೂರು ತಿಂಗಳು ಮುಖ ತಣ್ಣಗಿದೆ ಅಂತ ನೋಡಿಕೊಂಡೇ ನಾನು ಗುಳಿಗೆ ಕೈ ಹಾಕುವುದು. ಒಂದೆರಡು ಸಣ್ಣ ಗುಳ್ಳೆ ಇದ್ದರೆ ಅಡ್ಡಿಯಿಲ್ಲ, ಆ ಜಾಗ ಬಿಟ್ಟು ಮಾಡಬಹುದು. ಕೀವು ತುಂಬಿದ ಮೊಡವೆಗಳ ಮೇಲೆ ಸೂಜಿ ಓಡಿಸಿದರೆ ಮಾತ್ರ ಇದ್ದದ್ದೂ ಕೆಡುತ್ತದೆ.

ನಿಮ್ಮದು ಪೀರಿಯಡ್ಸ್ ಮುಂಚೆ, ಗದ್ದ ದವಡೆಯಲ್ಲೇ ಬರುವ ಮೊಡವೆ. ಇದರಲ್ಲಿ ಹಾರ್ಮೋನಿನ ಕೈ ಇರುತ್ತದೆ. ತಿಂಗಳು ತಪ್ಪುವುದು, ಗದ್ದದ ಮೇಲೆ ಗಟ್ಟಿ ಕೂದಲು, ತಲೆಕೂದಲು ತೆಳುವಾಗುವುದು, ಇವೂ ಇದ್ದರೆ ಪಿಸಿಒಎಸ್, ಅಂದರೆ ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನ್ ಏರುಪೇರು, ಇದೆಯಾ ಅಂತ ನೋಡಿಸಿ. ಅದಿದ್ದರೆ ಮುಖಕ್ಕೆ ಎಷ್ಟೇ ಹಚ್ಚಿದರೂ ಮೊಡವೆ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಹಚ್ಚುವುದರಲ್ಲಿ ನಾನು ಸಾಮಾನ್ಯವಾಗಿ ಶುರು ಮಾಡುವುದು ರಾತ್ರಿ ಅಡಾಪಲೀನ್ ಜೆಲ್, ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು. ಮೊದಲ ಎರಡು ಮೂರು ವಾರ ಸಿಪ್ಪೆ ಏಳುತ್ತದೆ, ಉರಿಯುತ್ತದೆ. ಎಷ್ಟೋ ಜನ ಅಷ್ಟಕ್ಕೇ ಬಿಟ್ಟುಬಿಡುತ್ತಾರೆ. ಒಂದು ದಿನ ಬಿಟ್ಟು ಒಂದು ದಿನ ಹಚ್ಚಿ, ಮೇಲೆ ಮಾಯಿಶ್ಚರೈಸರ್ ಹಾಕಿ, ತಡೆದುಕೊಳ್ಳಬಹುದು. ಬಸುರಿಯಾಗುವ ಯೋಚನೆ ಇದ್ದರೆ ಇದು ಬೇಡ, ಮೊದಲೇ ಹೇಳಿ. ಬೆಂಜಾಯಿಲ್ ಪೆರಾಕ್ಸೈಡ್ ಬರೆದುಕೊಟ್ಟರೆ ಹಳೇ ದಿಂಬಿನ ಕವರ್ ಬಳಸಿ. ಬಣ್ಣದ ಬಟ್ಟೆಯನ್ನು ಅದು ಬೆಳ್ಳಗೆ ಮಾಡಿಬಿಡುತ್ತದೆ. ನನ್ನ ಮನೆಯ ಎರಡು ಟವೆಲ್ ಹಾಗೇ ಹೋದವು.

ಇನ್ನು ಗುಳಿ. ಕಲೆ ಬೇರೆ, ಗುಳಿ ಬೇರೆ. ಕಣ್ಣು ಮುಚ್ಚಿ ಬೆರಳು ಆಡಿಸಿ. ನುಣ್ಣಗಿದ್ದು ಬಣ್ಣ ಮಾತ್ರ ಬೇರೆಯಾಗಿದ್ದರೆ ಅದು ಕಲೆ. ಹೊಸ ಮೊಡವೆ ನಿಂತು, ಬಿಸಿಲಿಂದ ಕಾಪಾಡಿಕೊಂಡರೆ ಕೆಲವು ತಿಂಗಳಲ್ಲಿ ತಾನಾಗೇ ತಿಳಿಯಾಗುತ್ತಾ ಹೋಗುತ್ತದೆ. ಅಜೆಲಾಯಿಕ್ ಆಸಿಡ್ ಹಚ್ಚಿದರೆ ಇನ್ನೂ ಬೇಗ. ಅದು ಮೊಡವೆಗೂ ಆಗುತ್ತದೆ, ಬಣ್ಣಕ್ಕೂ ಆಗುತ್ತದೆ. ಹತ್ತಿರಕ್ಕೆ ಬಂದು ನೋಡಿದರೆ ಎಷ್ಟೋ ಜನರ ಮುಖದಲ್ಲಿ ಅರ್ಧಕ್ಕರ್ಧ ಬರೀ ಕಲೆಯೇ ಇರುತ್ತದೆ. ಅದಕ್ಕೆ ಲೇಸರ್ ಬೇಕಾಗಿಯೇ ಇರುವುದಿಲ್ಲ.

ಗುಳಿ ಯಾವ ಜಾತಿಯದು ಅಂತ ನೀವೇ ನೋಡಿಕೊಳ್ಳಬಹುದು. ರಾತ್ರಿ ಲೈಟ್ ಆರಿಸಿ, ಕನ್ನಡಿ ಮುಂದೆ ನಿಂತು, ಮೊಬೈಲ್ ಟಾರ್ಚನ್ನು ಕಿವಿ ಪಕ್ಕದಿಂದ ಕೆನ್ನೆಗೆ ಬಿಡಿ. ನೆರಳು ಬೀಳುವ ಕಡೆ ಗುಳಿ ಇದೆ. ಈಗ ಎರಡು ಬೆರಳಲ್ಲಿ ಕೆನ್ನೆ ಎಳೆದು ಹಿಡಿಯಿರಿ. ಎಳೆದಾಗ ಸಮವಾದರೆ ಅದು ರೋಲಿಂಗ್, ಅಂದರೆ ಅಲೆ ಅಲೆಯಾಗಿ ತಗ್ಗು ಬಿದ್ದದ್ದು. ಎಳೆದರೂ ಸೂಜಿ ಚುಚ್ಚಿದ ಹಾಗೆ ಸಣ್ಣ ಬಾಯಿ, ಒಳಗೆ ಆಳ ಇದ್ದರೆ ಐಸ್ ಪಿಕ್. ಅಂಚು ಕತ್ತರಿಸಿದ ಹಾಗಿದ್ದು ತಳ ಅಗಲವಾಗಿದ್ದರೆ ಬಾಕ್ಸ್‌ಕಾರ್. ಹೆಚ್ಚಿನವರ ಮುಖದಲ್ಲಿ ಮೂರೂ ಸ್ವಲ್ಪ ಸ್ವಲ್ಪ ಇರುತ್ತವೆ. ಅದಕ್ಕೇ ಒಂದೇ ಮೆಷಿನ್‌ನ ಆರು ಸಿಟ್ಟಿಂಗ್ ಅಂದರೆ ನನಗೆ ಅನುಮಾನ.

ರೋಲಿಂಗ್ ಗುಳಿಯನ್ನು ಕೆಳಗಿಂದ ನಾರುಗಳು ಹಿಡಿದು ಜಗ್ಗುತ್ತಿರುತ್ತವೆ. ಮೇಲಿಂದ ಲೇಸರ್ ಬಿಟ್ಟರೆ ಆ ನಾರು ಬಿಡುವುದಿಲ್ಲ. ಅದಕ್ಕೆ ಸಬ್‌ಸಿಷನ್ ಅಂತ ಮಾಡುತ್ತೇವೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಚರ್ಮದಡಿ ಸೂಜಿ ಅಥವಾ ಕ್ಯಾನುಲಾ ಹಾಕಿ ನಾರುಗಳನ್ನು ಬಿಡಿಸುವುದು. ನೋವು ಅಷ್ಟಿಲ್ಲ, ಆದರೆ ಒಳಗೆ ಕರ್ ಕರ್ ಅಂತ ಸದ್ದು ಕೇಳುತ್ತದೆ. ಮೊದಲೇ ಹೇಳದಿದ್ದರೆ ಪೇಶೆಂಟ್ ಗಾಬರಿಯಾಗುತ್ತಾರೆ. ಆಮೇಲೆ ಒಂದು ವಾರ, ಕೆಲವರಿಗೆ ಎರಡು ವಾರ ಕೆನ್ನೆ ನೀಲಿ.

ಐಸ್ ಪಿಕ್‌ಗೆ ಟಿಸಿಎ ಕ್ರಾಸ್. 2002ರಲ್ಲಿ ಕೊರಿಯಾದ ಡಾಕ್ಟರುಗಳು ಬರೆದು ತಿಳಿಸಿದ ವಿಧಾನ. ಟೂತ್‌ಪಿಕ್ ಥರದ ಚೂಪು ಕಡ್ಡಿ, ತುದಿಯಲ್ಲಿ ಗಾಢವಾದ ಆಸಿಡ್. ಗುಳಿಯೊಳಗೆ ಮಾತ್ರ ಒತ್ತಿದರೆ ಕೆಲವೇ ಸೆಕೆಂಡಲ್ಲಿ ಬಿಳಿ ಚುಕ್ಕೆಯಾಗುತ್ತದೆ. ಆಮೇಲೆ ಹಕ್ಕಳೆ ಕಟ್ಟಿ, ವಾರದೊಳಗೆ ಉದುರುತ್ತದೆ. ಕೈ ಸ್ವಲ್ಪ ಅಳುಕಿ ಆಸಿಡ್ ಅಂಚಿಗೆ ಹರಿದರೆ ಗುಳಿ ಅಗಲವಾಗುತ್ತದೆ. ಇದನ್ನು ಮನೆಯಲ್ಲಿ ಮಾಡಿಕೊಳ್ಳಲು ಆನ್‌ಲೈನ್‌ನಲ್ಲಿ ಆಸಿಡ್ ತರಿಸುವವರಿದ್ದಾರೆ. ಕೈ ಮುಗಿಯುತ್ತೇನೆ, ಬೇಡ.

ಇವೆರಡಾದ ಮೇಲೆ ಒಟ್ಟಾರೆ ಮುಖ ನುಣ್ಣಗಾಗಲು ಮೈಕ್ರೋನೀಡ್ಲಿಂಗ್, ಅಥವಾ ಸೂಜಿಯ ತುದಿಯಿಂದ ಒಳಗೆ ಬಿಸಿ ಕೊಡುವ ರೇಡಿಯೋ ಫ್ರೀಕ್ವೆನ್ಸಿ, ಅಥವಾ ಲೇಸರ್. ನಮ್ಮ ಗೋಧಿ, ಎಣ್ಣೆಗೆಂಪು ಬಣ್ಣದ ಚರ್ಮಕ್ಕೆ ಸಿಒಟು ಲೇಸರ್ ಆಗಲೇಬಾರದು ಅಂತಿಲ್ಲ. ನುರಿತವರು ಶಕ್ತಿ ಕಡಿಮೆ ಇಟ್ಟು ಚೆನ್ನಾಗಿ ಮಾಡುತ್ತಾರೆ. ಆದರೆ ಅದು ಮೇಲ್ಚರ್ಮವನ್ನೂ ಸುಡುತ್ತದೆ. ಹಾಗಾಗಿ ಆಮೇಲೆ ಕಪ್ಪಾಗುವ ಸಾಧ್ಯತೆ ಜಾಸ್ತಿ. ಆ ಕಪ್ಪು ಹೋಗಲು ತಿಂಗಳುಗಟ್ಟಲೆ ಬೇಕು. ಮೊಡವೆ ಬರುವ ಮುಖಕ್ಕೆ ಇನ್ನೊಂದು ತಾಪತ್ರಯ. ಲೇಸರ್ ಆದ ಮೇಲೆ ಗಾಯ ಒಣಗದಿರಲಿ ಅಂತ ದಪ್ಪ ಮುಲಾಮು ಮೆತ್ತುತ್ತಾರೆ. ರಂಧ್ರ ಮುಚ್ಚಿಕೊಂಡು ಸಣ್ಣ ಸಣ್ಣ ಗುಳ್ಳೆ ಗುಂಪಾಗಿ ಏಳುತ್ತವೆ. ನಿಮಗಾದರೆ ನಾನು ಮೈಕ್ರೋನೀಡ್ಲಿಂಗ್ ಅಥವಾ ರೇಡಿಯೋ ಫ್ರೀಕ್ವೆನ್ಸಿ ಕಡೆ ವಾಲುತ್ತೇನೆ. ನಾಲ್ಕರಿಂದ ಆರು ವಾರಕ್ಕೊಂದು ಸಲ. ಒಳಗೆ ಹೊಸ ಕೊಲಾಜೆನ್ ಕಟ್ಟಲು ತಿಂಗಳುಗಳು ಬೇಕು, ಎರಡನೇ ವಾರಕ್ಕೆ ಕನ್ನಡಿ ಹಿಡಿದು ಬೇಜಾರಾಗಬೇಡಿ. ಪೂರ್ತಿ ಮೊದಲಿನ ಹಾಗೆ ಮಾಡುತ್ತೇವೆ ಅಂದವರ ಕ್ಲಿನಿಕ್‌ನಿಂದ ಸುಮ್ನೆ ಎದ್ದು ಬನ್ನಿ.

ಹೆಬ್ಬಾಳದಿಂದ (ಹುಡುಗ, 22):
ಮೇಡಂ, ನಾನು ಐಸೊಟ್ರೆಟಿನೊಯಿನ್ ಮಾತ್ರೆ ಮುಗಿಸಿ ಒಂದು ತಿಂಗಳಾಯ್ತು. ಮೊಡವೆ ನಿಂತಿದೆ. ಗುಳಿಗೆ ಏನೇ ಮಾಡಿಸಬೇಕಾದರೂ ಆರು ತಿಂಗಳು ಕಾಯಬೇಕು ಅಂತಾರೆ, ನಿಜಾನಾ?

ಉತ್ತರ:
ಮೊದಲು ಎಲ್ಲರೂ ಹಾಗೇ ಹೇಳುತ್ತಿದ್ದೆವು. 2017ರಲ್ಲಿ ಅಮೆರಿಕದ ತಜ್ಞರು ಹಳೆಯ ವರದಿಗಳನ್ನೆಲ್ಲ ಮತ್ತೆ ನೋಡಿ, ಆಸಿಡ್ ಹಚ್ಚಿ ಮೇಲುಮೇಲಿನ ಸಿಪ್ಪೆ ತೆಗೆಯುವ ಪೀಲ್, ಚುಕ್ಕೆ ಚುಕ್ಕೆಯಾಗಿ ಬಿಡುವ ಫ್ರಾಕ್ಷನಲ್ ಲೇಸರ್ ಥರದ್ದಕ್ಕೆ ಅಷ್ಟು ಕಾಯಬೇಕು ಅನ್ನಲು ಗಟ್ಟಿ ಆಧಾರ ಇಲ್ಲ ಅಂದರು. ಇಡೀ ಮುಖದ ಚರ್ಮ ಉಜ್ಜಿ ತೆಗೆಯುವ ಡರ್ಮಬ್ರೇಷನ್‌ಗೆ, ಇಡೀ ಮೇಲ್ಪದರ ಸುಡುವ ಲೇಸರ್‌ಗೆ ಮಾತ್ರ ಈಗಲೂ ಕಾಯಿಸುತ್ತೇವೆ. ಯಾವ ಡೋಸ್, ಯಾವತ್ತು ನಿಲ್ಲಿಸಿದ್ದು ಅಂತ ಡಾಕ್ಟರಿಗೆ ಹೇಳಿ, ಅವರು ನೋಡಿ ತೀರ್ಮಾನಿಸಲಿ. ಇದನ್ನು ಓದುತ್ತಿರುವ ಹೆಣ್ಣುಮಕ್ಕಳಿಗೆ ಒಂದು ಮಾತು: ಈ ಮಾತ್ರೆ ತಗೊಳ್ಳುವಾಗ, ನಿಲ್ಲಿಸಿದ ಮೇಲೂ ಒಂದು ತಿಂಗಳು ಬಸುರಿ ಆಗಲೇಬಾರದು. ಮಗುವಿಗೆ ದೊಡ್ಡ ತೊಂದರೆ ಆಗುತ್ತದೆ. ಗೆಳತಿಯ ಚೀಟಿ ತೋರಿಸಿ ಕೊಳ್ಳುವ ಮಾತ್ರೆ ಇದಲ್ಲ.

ಕೆಂಗೇರಿಯಿಂದ (ತಾಯಿ):
ನನ್ನ ಮಗನಿಗೆ 17. ಆನ್‌ಲೈನ್‌ನಲ್ಲಿ ಸಣ್ಣ ಸೂಜಿಗಳಿರುವ ಡರ್ಮಾ ರೋಲರ್ ತರಿಸಿಕೊಂಡು ದಿನಾ ರಾತ್ರಿ ಬಾಗಿಲು ಹಾಕಿಕೊಂಡು ಉರುಳಿಸ್ತಾನೆ. ಮುಖ ತುಂಬ ಮೊಡವೆ ಇದೆ. ಮಾಡಬಹುದಾ?

ಉತ್ತರ:
ಬೇಡ ಅಮ್ಮ, ಇವತ್ತೇ ಎತ್ತಿಡಿ. ಒಂದು ಮೊಡವೆಯ ಕೀವನ್ನು ಮುಖಕ್ಕೆಲ್ಲ ಹಂಚಿದ ಹಾಗೆ ಅದು. ಬೈಯಬೇಡಿ, ಪಾಪ, ಆ ವಯಸ್ಸಿಗೆ ಕನ್ನಡಿ ತುಂಬ ಕಷ್ಟ ಕೊಡುತ್ತದೆ. ಗುಳಿ ಬೀಳುವ ಮೊದಲೇ ಡಾಕ್ಟರಿಗೆ ತೋರಿಸಿದರೆ ಅವನಿಗೆ ಈ ಸೂಜಿ, ಲೇಸರ್ ಯಾವುದೂ ಬೇಕಾಗದೇ ಇರಬಹುದು. ಮನೆಯಲ್ಲಿ ಯಾರಿಗಾದರೂ ಗಾಯದ ಜಾಗ ಉಬ್ಬಿ ಗಡ್ಡೆಯಾಗುವ ಕೀಲಾಯ್ಡ್ ಇದ್ದರೆ ಅದನ್ನೂ ಹೇಳಿ.

ಪೀಣ್ಯದಿಂದ (ಹೆಣ್ಣು, 31):
ಕಲೆ ಹೋಗಲಿ ಅಂತ ಮೆಡಿಕಲ್ ಶಾಪ್‌ನಲ್ಲಿ ಕೊಟ್ಟ ಕ್ರೀಮ್ ಒಂದು ವರ್ಷದಿಂದ ಹಚ್ಚುತ್ತಿದ್ದೇನೆ. ಮೊದಲು ಮುಖ ಬೆಳ್ಳಗಾಯ್ತು. ಈಗ ಒಂದು ದಿನ ಬಿಟ್ಟರೂ ಕೆಂಪಗಾಗಿ ಉರಿಯುತ್ತೆ, ಸಣ್ಣ ಸಣ್ಣ ಮೊಡವೆ ಬೇರೆ.

ಉತ್ತರ:
ಟ್ಯೂಬ್ ಮೇಲೆ ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಅಂತ ಏನಾದರೂ ಇದೆಯಾ ನೋಡಿ. ಇದ್ದರೆ ಅದು ಸ್ಟಿರಾಯ್ಡ್. ಚರ್ಮವನ್ನು ತೆಳು ಮಾಡುತ್ತದೆ, ರಕ್ತನಾಳ ಕಾಣಿಸುತ್ತದೆ, ಅದೇ ಮೊಡವೆ ತರುತ್ತದೆ. 2018ರಲ್ಲಿ ಸರ್ಕಾರ ಇಂಥ 14 ಸ್ಟಿರಾಯ್ಡ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಆದರೂ ಸಿಗುತ್ತದೆ, ಏನು ಹೇಳೋದು. ಒಮ್ಮೆಲೇ ನಿಲ್ಲಿಸಿದರೆ ಜೋರಾಗಿ ಕೆರಳಬಹುದು. ಟ್ಯೂಬ್ ಸಮೇತ ಚರ್ಮದ ಡಾಕ್ಟರ ಹತ್ತಿರ ಹೋಗಿ. ಚರ್ಮ ಚೇತರಿಸಿಕೊಳ್ಳುವ ತನಕ ಪೀಲ್, ಲೇಸರ್ ಮಾತೇ ಬೇಡ.

ಮಾರತ್ತಹಳ್ಳಿಯಿಂದ (ಬೈಕ್ ಡೆಲಿವರಿ ಕೆಲಸ):
ಸಾರಿ ಮೇಡಂ, ಸಣ್ಣ ಪ್ರಶ್ನೆ. ಹೆಲ್ಮೆಟ್ ಪಟ್ಟಿ ತಾಗುವ ಕಡೆಯೇ ಮೊಡವೆ. ಸನ್‌ಸ್ಕ್ರೀನ್ ಹಾಕಿದರೆ ಇನ್ನೂ ಜಾಸ್ತಿ. ಬೆಂಗಳೂರು ತಣ್ಣಗಿದೆಯಲ್ಲ, ಬಿಡಬಹುದಾ?

ಉತ್ತರ:
ಸಾರಿ ಯಾಕಪ್ಪ. ಉಜ್ಜುವಿಕೆ, ಬೆವರು ಎರಡರಿಂದಲೂ ಹಾಗೆ ಬರುತ್ತದೆ. ಪಟ್ಟಿ, ಒಳಗಿನ ಸ್ಪಂಜು ಆಗಾಗ ತೊಳೆಯಿರಿ, ಪಟ್ಟಿಗೆ ಹತ್ತಿ ಬಟ್ಟೆ ಸುತ್ತಿಕೊಳ್ಳಿ. ಹೆಲ್ಮೆಟ್ ಮಾತ್ರ ಬಿಡಬೇಡಿ. ತಣ್ಣಗಿದೆ ಅಂತ ಬಿಸಿಲು ಕಮ್ಮಿ ಅಲ್ಲ. ನಾವಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ, ಮೋಡ ಇದ್ದರೂ ಅತಿನೇರಳೆ ಕಿರಣ ಬರುತ್ತದೆ. ಕ್ರೀಮ್ ಬದಲು ಜೆಲ್ ಥರದ ಸನ್‌ಸ್ಕ್ರೀನ್ ತಗೊಳ್ಳಿ, ಪ್ಯಾಕಿನ ಮೇಲೆ ನಾನ್ ಕೊಮೆಡೋಜೆನಿಕ್, ಅಂದರೆ ರಂಧ್ರ ಮುಚ್ಚದ್ದು, ಅಂತ ಇರಲಿ, ಎಸ್‌ಪಿಎಫ್ 30 ಅಥವಾ ಮೇಲೆ. ತಲೆಗೆ ಎಣ್ಣೆ ಹಚ್ಚಿ ಹೆಲ್ಮೆಟ್ ಹಾಕಿದರೆ ಹಣೆಯಲ್ಲೂ ಶುರುವಾಗುತ್ತದೆ, ನೋಡಿಕೊಳ್ಳಿ.

ಶಿವಾಜಿನಗರದಿಂದ:
ಪ್ರೈವೇಟ್ ಖರ್ಚು ತಡೆಯೋಕಾಗಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ನೋಡ್ತಾರಾ? ಮತ್ತೆ, ಬೋರ್ಡ್ ನೋಡಿ ನಿಜವಾದ ಚರ್ಮದ ಡಾಕ್ಟರ್ ಅಂತ ಹೇಗೆ ತಿಳಿಯೋದು?

ಉತ್ತರ:
ನೋಡುತ್ತಾರೆ. ನಿಮ್ಮ ಪಕ್ಕದಲ್ಲೇ ಬೌರಿಂಗ್ ಇದೆ, ಕೆ.ಆರ್. ಮಾರ್ಕೆಟ್ ಹತ್ತಿರ ವಿಕ್ಟೋರಿಯಾ ಇದೆ, ಎರಡರಲ್ಲೂ ಚರ್ಮದ ವಿಭಾಗ ಇದೆ. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ. ಗುಳಿಗೆ ಏನೇನು ಮಾಡುತ್ತಾರೆ ಅಂತ ಅಲ್ಲೇ ಕೇಳಿ. ಮೊಡವೆಗಾದರೂ ಅಲ್ಲಿ ಶುರು ಮಾಡಬಹುದು, ದೊಡ್ಡ ಖರ್ಚಿಲ್ಲ.

ಬೋರ್ಡಿನಲ್ಲಿ ಎಂ.ಬಿ.ಬಿ.ಎಸ್. ಆದ ಮೇಲೆ ಡರ್ಮಟಾಲಜಿಯಲ್ಲಿ ಎಂ.ಡಿ., ಡಿ.ಎನ್.ಬಿ. ಅಥವಾ ಡಿಪ್ಲೊಮಾ ಇದೆಯಾ ನೋಡಿ. ಬರೀ ಕಾಸ್ಮೆಟಾಲಜಿಸ್ಟ್ ಅಂತಿದ್ದರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್ ನೋಂದಣಿ ನಂಬರ್ ಕೇಳಿ. ಇನ್ನೊಂದು ಪ್ರಶ್ನೆ ತಪ್ಪದೇ ಕೇಳಿ: ಸೂಜಿ ಹಿಡಿಯುವವರು ಯಾರು, ನೀವಾ, ಟೆಕ್ನಿಷಿಯನ್ನಾ?

ಮತ್ತೆ ವಿಜಯನಗರದಿಂದ:
ಮೇಡಂ, ಟಾರ್ಚ್ ಹಿಡಿದು ನೋಡಿದೆ. ತಮ್ಮ ಬಂದು ದೆವ್ವ ಅಂತ ಕಿರುಚಿದ. ಎಳೆದರೆ ಮುಕ್ಕಾಲು ಪಾಲು ಸಮ ಆಗುತ್ತೆ. ಬಲಗೆನ್ನೆಯಲ್ಲಿ ಏಳೆಂಟು ಚುಕ್ಕೆ ಹಾಗೇ ಉಳಿಯುತ್ತೆ. ತಿಂಗಳು ಒಮ್ಮೊಮ್ಮೆ ನಲವತ್ತು, ನಲವತ್ತೈದು ದಿನಕ್ಕೆ ಹೋಗುತ್ತೆ, ಅದನ್ನು ಬರೆಯಲು ಮರೆತಿದ್ದೆ. ಕ್ಲಿನಿಕ್‌ನವರು ಮತ್ತೆ ಫೋನ್ ಮಾಡಿದ್ದರು, ಡಿಸ್ಕೌಂಟ್ ಭಾನುವಾರದ ತನಕ ಅಂತೆ. ಅಮ್ಮನ ಕಡಲೆಹಿಟ್ಟಿನ ಬಗ್ಗೆ ನೀವು ಏನೂ ಹೇಳಲೇ ಇಲ್ಲ.

ಉತ್ತರ:
ಹಾಗಾದರೆ ನಿಮ್ಮದು ಹೆಚ್ಚಾಗಿ ರೋಲಿಂಗ್. ಸಬ್‌ಸಿಷನ್‌ಗೆ ಚೆನ್ನಾಗಿ ಕೇಳುವ ಜಾತಿ. ಆ ಏಳೆಂಟು ಚುಕ್ಕೆಗೆ ಮಾತ್ರ ಕ್ರಾಸ್ ಸಾಕಾಗಬಹುದು, ಎದುರಿಗೆ ನೋಡಿದವರು ಖಚಿತ ಹೇಳುತ್ತಾರೆ. ಇಡೀ ಮುಖಕ್ಕೆ ಆರು ಸಲ ಲೇಸರ್ ಯಾಕೆ ಅಂತ ಅವರನ್ನೇ ಕೇಳಿ. ಡಿಸ್ಕೌಂಟ್ ಭಾನುವಾರ ಮುಗಿದು ಹೋಗಲಿ ಬಿಡಿ, ಇನ್ನೊಂದು ಹಬ್ಬಕ್ಕೆ ಮತ್ತೆ ಬರುತ್ತೆ. ನಲವತ್ತೈದು ದಿನದ ವಿಷಯ ಸಣ್ಣದಲ್ಲ. ಹಿಂದಿನ ಮೂರು ನಾಲ್ಕು ತಿಂಗಳ ತಾರೀಖು ಬರೆದುಕೊಂಡು ಮೊದಲು ಹೆಂಗಸರ ಡಾಕ್ಟರನ್ನು ನೋಡಿ, ಆ ರಿಪೋರ್ಟ್ ಹಿಡಿದು ಚರ್ಮದ ಡಾಕ್ಟರ ಹತ್ತಿರ ಹೋಗಿ.

ಕಡಲೆಹಿಟ್ಟು ಗುಳಿ ತುಂಬುವುದಿಲ್ಲ. ಮುಖ ತೊಳೆಯಲು ಬೇಕಾದರೆ ಬಳಸಿ, ಮೊಡವೆ ಮೇಲೆ ಉಜ್ಜಬೇಡಿ. ಅಮ್ಮ ಅದಕ್ಕೆ ನಿಂಬೆರಸ ಹಿಂಡುತ್ತಾರಾ? ಅದು ಬೇಡ, ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪಾಗುತ್ತದೆ. ಮಳೆ ಬರುತ್ತಿದೆ, ಆ ಹಿಟ್ಟಿಗೆ ಮೆಣಸಿನಕಾಯಿ ಬಜ್ಜಿ ಹಾಕಲು ಹೇಳಿ.