ಸೀಟಿನ ಗಾಯಕ್ಕೆ ಅಡುಗೆ ಸೋಡಾ: ಭಾನುವಾರ ನಮ್ಮ ಮನೆ ಗ್ರೂಪಿನಲ್ಲಿ ನಡೆದದ್ದು

ಭಾನುವಾರ ಬೆಳಿಗ್ಗೆ ಚಿಕ್ಕಪ್ಪ ನಮ್ಮ ಮನೆ ಗ್ರೂಪಿಗೆ ಒಂದು ಫಾರ್ವರ್ಡ್ ಹಾಕಿದರು. ‘ಸೈಕಲ್ ತುಳಿಯುವ ಹೆಣ್ಣುಮಕ್ಕಳೇ ಎಚ್ಚರ!’ ಅಂತ ಶುರು. ಸೀಟು ಉಜ್ಜಿ ಆದ ಗಾಯಕ್ಕೆ ಅಡುಗೆ ಸೋಡಾ, ನಿಂಬೆರಸ, ಅರಿಶಿನ ಕಲಸಿ ಹಚ್ಚಿ, 20 ನಿಮಿಷ ಬಿಟ್ಟು ತೊಳೆಯಿರಿ, ಮೂರೇ ದಿನದಲ್ಲಿ ಮಾಯ. ನಾನಾಗ 60 ಕಿಲೋಮೀಟರ್ ತುಳಿದು ಬಂದು, ಬೆವರಿನ ಶಾರ್ಟ್ಸ್ ಬಕೆಟ್ಟಿನಲ್ಲಿ ನೆನೆಹಾಕಿ ಕಾಫಿಗೆ ಕೂತಿದ್ದೆ.

ಚಿಕ್ಕಪ್ಪ: ನೋಡಮ್ಮ, ನಾನು ಅವತ್ತೇ ಹೇಳಿದ್ದೆ. ಹೆಣ್ಣುಮಕ್ಕಳ ಮೈಗೆ ಇದೆಲ್ಲ ಒಗ್ಗಲ್ಲ.

ಅಣ್ಣ: ಯಾವ ಡಾಕ್ಟ್ರು ಹೇಳಿದ್ದು ಚಿಕ್ಕಪ್ಪ? ಹೆಸರಿಲ್ಲ, ಊರಿಲ್ಲ.

ಚಿಕ್ಕಪ್ಪ: ನಿನಗೆ ಎಲ್ಲಾದಕ್ಕೂ ಸರ್ಟಿಫಿಕೇಟ್ ಬೇಕು. ಪಪ್ಪಾಯಿ ಎಲೆ ರಸಕ್ಕೂ ಹಿಂಗೇ ಅಂದಿದ್ದೆ.

ಅಣ್ಣ: ಅದನ್ನ ಕುಡಿದು ಅತ್ತೆ ಎರಡು ದಿನ ವಾಂತಿ ಮಾಡ್ಕೊಂಡಿದ್ದು ಮರೆತೋಯ್ತಾ?

ಅತ್ತೆ: ನನ್ನನ್ನ ಯಾಕಪ್ಪ ಎಳೀತೀಯ ಇದಕ್ಕೆ.

ದೊಡ್ಡಪ್ಪ: ಗ್ರೂಪಲ್ಲಿ ದೊಡ್ಡವರಿದ್ದಾರೆ, ಚಿಕ್ಕವರಿದ್ದಾರೆ. ಇಂಥ ವಿಷಯ ಹೆಂಗಸರು ಹೆಂಗಸರು ಮಾತಾಡಿಕೊಳ್ಳಲಿ.

ನನಗೆ ಚುಚ್ಚಿದ್ದು ಈ ಮಾತು. ಹೆಂಗಸರು ಹೆಂಗಸರೂ ಮಾತಾಡಿಕೊಳ್ಳುವುದಿಲ್ಲ. ನನ್ನ ಮೊದಲ 200 ಕಿಲೋಮೀಟರ್ ಬ್ರೆವೆಯಲ್ಲಿ, ಅಂದರೆ ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕಾದ ದೂರದ ಸವಾರಿಯಲ್ಲಿ, ಕೊನೆಯ 50 ಕಿಲೋಮೀಟರನ್ನು ಹೆಚ್ಚುಕಮ್ಮಿ ಪೆಡಲ್ ಮೇಲೆ ನಿಂತೇ ತುಳಿದೆ. ತೊಡೆಸಂದಿಯಲ್ಲಿ ಕಡಲೆಕಾಳಿನಷ್ಟು ಗುಳ್ಳೆ ಎದ್ದಿತ್ತು. ಮನೆಗೆ ಬಂದು ಯಾರಿಗೂ ಹೇಳದೆ, ನೀರು ಬೆರೆಸದ ಡೆಟಾಲ್ ಹಚ್ಚಿಕೊಂಡು ಚರ್ಮ ಸುಟ್ಟುಕೊಂಡೆ. ಅಮ್ಮನಿಗೆ ಕಾಲು ಉಳುಕಿದೆ ಅಂದಿದ್ದೆ. ಅದಕ್ಕೇ ಈ ಸಲ ಗ್ರೂಪಿನಲ್ಲೇ ಬರೆದೆ.

ನಾನು: ದೊಡ್ಡಪ್ಪ, ತಪ್ಪು ತಿಳ್ಕೋಬೇಡಿ, ಇಲ್ಲೇ ಹೇಳ್ತೀನಿ. ಉಜ್ಜಿ ಸುಲಿದ ಚರ್ಮಕ್ಕೆ ನಿಂಬೆಯ ಹುಳಿನೂ ಉರಿ, ಸೋಡಾದ ಕ್ಷಾರನೂ ಉರಿ. ಅರಿಶಿನ ಕೆಲವರಿಗೆ ತುರಿಕೆ ತರುತ್ತೆ. ಬರೀ ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ, ಸಡಿಲ ಹತ್ತಿ ಬಟ್ಟೆ ಹಾಕ್ಕೊಂಡು, ವಾಸಿಯಾಗೋ ತನಕ ಸೈಕಲ್ ಬಿಡಬೇಕು. ಗುಳ್ಳೆ ಹಿಚುಕಬಾರದು. ಕೀವು, ಜ್ವರ, ಕೆಂಪು ಹರಡೋದು ಕಂಡ್ರೆ ಡಾಕ್ಟ್ರ ಹತ್ರ ಹೋಗಬೇಕು. ಮೆಡಿಕಲ್ ಶಾಪಲ್ಲಿ ಕೇಳಿದ ತಕ್ಷಣ ಕೊಡೋ ಸ್ಟೆರಾಯ್ಡ್ ಬೆರೆತ ಮುಲಾಮು ಬೇಡವೇ ಬೇಡ.

ಅಣ್ಣ: ನೀನೂ ಮೂಲ ಕೊಡು. ಎಲ್ಲರಿಗೂ ಒಂದೇ ನಿಯಮ.

ಕೊಟ್ಟೆ. 2002ರಲ್ಲಿ ಬೆಲ್ಜಿಯಂ ವೈದ್ಯರು ಬಿ.ಎಂ.ಜೆ. ಎಂಬ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ಲೇಖನ. ಪಂದ್ಯಕ್ಕೆ ತುಳಿಯುವ ಆರು ಮಂದಿ ಮಹಿಳೆಯರಿಗೆ ಜನನಾಂಗದ ಒಂದೇ ಪಕ್ಕ ಊತ ಬಂದದ್ದರ ಬಗ್ಗೆ. ಅಣ್ಣ ಹೆಬ್ಬೆರಳು ಒತ್ತಿದ. ಲಿಂಕ್ ತೆರೆದಂತೆ ಕಾಣಲಿಲ್ಲ.

ಚಿಕ್ಕಪ್ಪ: ನೋಡಿದ್ರಾ! ಫಾರಿನ್ ಡಾಕ್ಟ್ರೇ ಹೇಳಿದಾರೆ. ನಾನು ಹೇಳಿದ್ದೂ ಅದೇ.

ನಾನು: ಚಿಕ್ಕಪ್ಪ, ಅವರು ವಾರಕ್ಕೆ ಸುಮಾರು 460 ಕಿಲೋಮೀಟರ್ ತುಳೀತಿದ್ದವರು. ಬ್ರಿಟಿಷ್ ತಂಡದ ಹುಡುಗೀರಿಗೂ ಇದೇ ಕಷ್ಟ ಇತ್ತು. 2016ರ ರಿಯೋ ಒಲಿಂಪಿಕ್ಸ್ ಮುಂಚೆ ಅವರಿಗೆ ಸೈಕಲ್ ಬಿಡಿ ಅನ್ನಲಿಲ್ಲ, ವ್ಯಾಕ್ಸಿಂಗ್ ಬಿಡಿ ಅಂದ್ರು. ಅಲ್ಲಿ ಕೂದಲು ಚರ್ಮಕ್ಕೆ ಕಾಪು. ನಮ್ಮ ವಿಜಯಪುರದ ಕಡೆ ಹುಡುಗೀರು ರಾಷ್ಟ್ರಮಟ್ಟದಲ್ಲಿ ಮೆಡಲ್ ತರ್ತಾರಲ್ಲ, ಅವರ ಮೈಗೆ ಒಗ್ಗಿಲ್ವಾ?

ಇದಕ್ಕೆ ಉತ್ತರ ಬರಬೇಕಾದ ಜಾಗದಲ್ಲಿ ಅತ್ತೆ ಮಗ ಬಂದ.

ಅತ್ತೆ ಮಗ: ಸೈಕಲ್ ಅಂದ್ರೆ ತಾತನ ಸೈಕಲ್ ಕಣ್ರೋ! ಬಾರ್ ಕೆಳಗೆ ಕಾಲು ತೂರಿಸಿ ಕಲಿತಿದ್ವಲ್ಲ. ಸೀಟಿನ ಸ್ಪ್ರಿಂಗು ಕಿರ್ರ್ ಅಂತಿತ್ತು. ಯಾರಿಗೆ ಯಾವ ಹುಣ್ಣಾಗಿತ್ತು ಆಗ?

ಅಣ್ಣ: ಆ ಸೈಕಲ್ ಈಗೆಲ್ಲಿದೆ ಅಂತ ಕೇಳು.

ಅತ್ತೆ: ಗುಜರಿಗೆ ಹೋಯ್ತು. ಮುನ್ನೂರು ರೂಪಾಯಿಗೆ. ಯಾರನ್ನ ಕೇಳಿ ಕೊಟ್ರೋ.

ದೊಡ್ಡಪ್ಪ: ಮನೆ ಭಾಗ ಆದಾಗ ಯಾರಿಗೂ ಅದು ಬೇಕಿರಲಿಲ್ಲ. ಈಗ ಎಲ್ಲರಿಗೂ ನೆನಪಾಗುತ್ತೆ.

ಅಲ್ಲಿಂದ ಮುಂದೆ ಬಂದ ಮೂವತ್ತು ಚಿಲ್ಲರೆ ಮೆಸೇಜೂ ತಾತನ ಸೈಕಲ್ಲಿನದೇ. ಡೈನಮೊ ಯಾರು ಬಿಚ್ಚಿಕೊಂಡರು, ತಾತನ ತಿಥಿಗೆ ಯಾರು ಬರಲಿಲ್ಲ, ಎಲ್ಲ ಬಂತು. ಅವುಗಳ ನಡುವೆ ಅಕ್ಕನ ಮಗಳದೊಂದು ಸಾಲು.

‘ಚಿಕ್ಕಿ, ಇದೇ ಫಾರ್ವರ್ಡ್ ಬುಧವಾರ ಕಾಲೇಜ್ ಗ್ರೂಪಲ್ಲಿ ಬಂದಿತ್ತು. ನಾನು ಹಚ್ಕೊಂಡೆ. ತುಂಬ ಉರೀತಿದೆ.’

ಅದರ ಕೆಳಗೇ ಡೈನಮೊ ಬಗ್ಗೆ ಎರಡು ಮೆಸೇಜು. ಮತ್ತೆ ಮೇಲೆ ನೋಡುವಷ್ಟರಲ್ಲಿ ಆ ಸಾಲು ಡಿಲೀಟ್ ಆಗಿತ್ತು.

ಫೋನ್ ಮಾಡಿದೆ. ಮೊದಲು ಏನೂ ಇಲ್ಲ ಬಿಡಿ ಅಂದಳು, ಆಮೇಲೆ ಅತ್ತಳು. ಡಿಗ್ರಿ ಎರಡನೇ ವರ್ಷ, ದಿನಕ್ಕೆ ಹೋಗಿ ಬಂದು 18 ಕಿಲೋಮೀಟರ್, ಜೀನ್ಸ್ ಹಾಕಿಕೊಂಡು. ನಾಲ್ಕು ಹೊಲಿಗೆ ಸೇರುವ ಗಂಟು ಸರಿಯಾಗಿ ಸೀಟಿನ ಮೇಲೆ ಕೂರುತ್ತದೆ. ತಮ್ಮನೂ ಅದೇ ಸೈಕಲ್ ತುಳಿಯುತ್ತಾನೆ, ಅವನು ಸೀಟು ಎತ್ತರಿಸಿದ್ದನ್ನು ಇವಳು ಇಳಿಸಿರಲಿಲ್ಲ. ಎತ್ತರ ಹೆಚ್ಚಾದರೆ ಪ್ರತಿ ತುಳಿತಕ್ಕೂ ಸೊಂಟ ಅತ್ತಿತ್ತ ಓಲಾಡಿ ಚರ್ಮ ಉಜ್ಜುತ್ತದೆ. ವಿಡಿಯೊ ಕಾಲ್‌ನಲ್ಲಿ ತೋರಿಸಿದಾಗ ಸೀಟಿನ ಮೂತಿಯೂ ಮೇಲಕ್ಕೆ ಎದ್ದಿತ್ತು. ಸ್ಪ್ಯಾನರ್ ತಂದಳು. ಎರಡು ಬೆರಳು ಇಳಿಸಿದಳು, ಮೂತಿ ಸಮ ಮಾಡಿದಳು. ವಾಸಿಯಾಗುವ ತನಕ ಬಸ್ಸು. ಸುಟ್ಟ ಜಾಗವನ್ನು ಸೋಮವಾರ ಲೇಡಿ ಡಾಕ್ಟ್ರಿಗೆ ತೋರಿಸಲು ಅಕ್ಕನೇ ಕರೆದುಕೊಂಡು ಹೋಗುತ್ತಾಳೆ. ನನ್ನ ಕಡೆಯಿಂದ ಪ್ಯಾಡ್ ಇರುವ ಎರಡು ಶಾರ್ಟ್ಸ್ ಕೊರಿಯರ್ ಆಗಿವೆ. ಅದರೊಳಗೆ ಒಳಚಡ್ಡಿ ಹಾಕಬಾರದು, ಇಳಿದ ತಕ್ಷಣ ಬದಲಾಯಿಸಬೇಕು, ಒಂದು ಸಲ ಹಾಕಿದ್ದನ್ನು ಒಗೆಯದೆ ಮತ್ತೆ ಹಾಕಬಾರದು ಎಂದು ಚೀಟಿ ಬರೆದು ಇಟ್ಟಿದ್ದೇನೆ. ಹೊರಡುವ ಮುಂಚೆ ಉಜ್ಜುವ ಕಡೆ, ಗಾಯವಿಲ್ಲದ ಚರ್ಮಕ್ಕೆ ಮಾತ್ರ, ತೆಳ್ಳಗೆ ವ್ಯಾಸಲೀನ್.

ಸಂಜೆ ಚಿಕ್ಕಪ್ಪನಿಗೆ ಫೋನ್ ಮಾಡಿ, ಯಾರೆಂದು ಹೇಳದೆ, ನಮ್ಮ ಮನೆಯ ಒಂದು ಮಗುವೇ ಸುಟ್ಟುಕೊಂಡಿದೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ನಂಗೇನ್ ಗೊತ್ತಮ್ಮ, ಒಳ್ಳೇದು ಅಂತ ಹಾಕಿದೆ’ ಅಂದು ಡಿಲೀಟ್ ಮಾಡಿದರು.

ಅಷ್ಟರಲ್ಲಿ ಅತ್ತೆ ಅದನ್ನು ತಮ್ಮ ಭಜನಾ ಮಂಡಳಿಯ ಗ್ರೂಪಿಗೆ ಕಳಿಸಿ ಆಗಿತ್ತು. ನಾನು ಬರೆದದ್ದನ್ನೂ ಅಲ್ಲಿಗೆ ಹಾಕಿ ಅತ್ತೆ, ಎಂದು ಕೇಳಿದ್ದೇನೆ. ಎರಡು ನೀಲಿ ಗೆರೆ ಬಿದ್ದಿವೆ, ಉತ್ತರ ಬಂದಿಲ್ಲ. ನಾಳೆ ಫೋನ್ ಮಾಡಬೇಕು.